ಅರ್ಜಿಯೊಳಗೆ ತೆಂಗಿನ ಸಿಪ್ಪೆ

ಕೇಳಿದಿರಾ, ಇವತ್ತು ಹುದಿಕೇರಿಯ ನಮ್ಮ ತೋಟಕ್ಕೆ ಕೆನ್ಯಾ ದೇಶದ ವಿಜ್ಞಾನಿಯೊಬ್ಬ ಬಂದಿದ್ದ. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಊರಿಗೆ ಹೊರಟವನು, ನಮ್ಮ ಕಡೆಯ ಕಾಫಿ ತೋಟ ನೋಡಲೆಂದು ದಾರಿ ಬಳಸಿ ಬಂದಿದ್ದ. ಕಾಫಿ ಕಾಂಡ ಕೊರೆಯುವ ಹುಳುವಿನ ಸಂಶೋಧನೆಗೆ ಅವರ ಸರ್ಕಾರದ ಹಣ ಬೇಕಂತೆ. ಹುಳು ಮೊಟ್ಟೆಯಿಡುವ ಒರಟು ತೊಗಟೆಯನ್ನು ನಾವು ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ತೆಗೆಯುವುದು ಅವನಿಗೆ ಬಹಳ ಹಿಡಿಸಿತು. ಆದರೆ ಅರ್ಜಿಯಲ್ಲಿ ಉಪಕರಣದ ಹೆಸರು ಬರೆಯುವಲ್ಲಿ ಪೆನ್ನು ನಿಂತಿತು.

“ಸಿಪ್ಪೆ ಅಂತ ಬರೆದರೆ ನಗ್ತಾರೆ, ಹಣ ಕೊಡೋದಿಲ್ಲ ಅಂತಾನೆ ಅವ್ವಾ,” ಎಂದ ನನ್ನ ಮಗ.

“ನಗಲಿ! ಫಾರಿನ್ ಮೆಷಿನ್ ಹೆಸರು ಬರೆದರೆ ಹುಳ ಹೆದರಿ ಓಡ್ತದಾ? ಧೈರ್ಯವಾಗಿ ಬರಿ ಅಂತ ಹೇಳು,” ಎಂದೆ.

ಬರೆದ. ಅಲ್ಲಿನ ಸಾಹೇಬರಿಗೆ ತೋರಿಸಲೆಂದು ಮನೆಯಲ್ಲಿದ್ದ ಸಿಪ್ಪೆಯನ್ನೆಲ್ಲ ಕಟ್ಟಿಕೊಟ್ಟೆ. ಈಗ ಸೊಸೆ ಎಂಜಲು ಪಾತ್ರೆಗಳ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಳೆ. “ವಿಜ್ಞಾನಕ್ಕೆ ಕೊಟ್ಟಿದ್ದೇನೆ, ಇವತ್ತೊಂದಿನ ಕೈಯಲ್ಲೇ ಉಜ್ಜು,” ಎಂದಿದ್ದೇನೆ.