ಎಂಟನೆಯ ಹೋಳಿಗೆಯೂ ಬಯಾಲಜಿ ಮೇಷ್ಟ್ರೂ

ನಮ್ಮ ಯಜಮಾನರು ಜಯದೇವಪ್ಪನವರು ಮೂವತ್ತೊಂದು ವರ್ಷ ಜಯನಗರದ ಕಾಲೇಜೊಂದರಲ್ಲಿ ಬಯಾಲಜಿ ಕಲಿಸಿದವರು. ನಿವೃತ್ತರಾದ ಮೇಲೆ ಕೂತು ಕೇಳುವ ವಿದ್ಯಾರ್ಥಿಗಳಿಲ್ಲ, ಹಾಗಾಗಿ ಸಿಕ್ಕಸಿಕ್ಕವರಿಗೆಲ್ಲ ಪಾಠ. ಕತ್ರಿಗುಪ್ಪೆಯ ಬಾಳೆಹಣ್ಣಿನವಳು ಇವರನ್ನು ಕಂಡರೆ ಗಾಡಿ ತಿರುಗಿಸುತ್ತಾಳೆ. ಮಗ ಸುಮನ್‌ಗೆ ನೋಡಿದ ಮೊದಲ ಸಂಬಂಧ, ಹುಡುಗಿಯ ತಂದೆಯ ಬೋಳುತಲೆಗೆ ಕಾರಣವೇನೆಂದು ವಿವರಿಸಿ ಕೆಡಿಸಿದರು. ಎರಡನೆಯದು, ಬೋಂಡಾ ತಿನ್ನುವಾಗ ದೊಡ್ಡ ಕರುಳಿನ ಮಾತು ತೆಗೆದದ್ದಕ್ಕೆ ಮುರಿಯಿತು. ಇಂಥವರ ಜೊತೆ ಏಗಿದ್ದಕ್ಕೆ ಈ ಕಮಲಾದೇವಿಗೆ ಸರ್ಕಾರ ಒಂದು ಪದಕ ಕೊಡಬೇಕು.

ಮೂರನೆಯ ಹುಡುಗಿ ಗಿರಿನಗರದ ಸಂಗೀತಾ. ಹುಡುಗ ಹುಡುಗಿ ಒಪ್ಪಿದ್ದರು. ಅವಳ ತಾಯಿ, ಹಾವೇರಿ ಕಡೆಯ ರೇಣುಕವ್ವ, ಇನ್ನೂ ಹೂಂ ಅಂದಿರಲಿಲ್ಲ. ಊಟಕ್ಕೆ ಕರೆದರು.

"ರೀ, ಅಲ್ಲೇನಾದ್ರೂ ಬಾಯಿ ಬಿಟ್ರೆ ನೋಡಿ," ಎಂದೆ.

"ಊಟಕ್ಕೆ ಮಾತ್ರ ಬಿಡ್ತೀನಿ ಕಣೇ," ಎಂದರು.

ಪುಣ್ಯಾತ್ಮ ಮಾತು ಉಳಿಸಿಕೊಂಡರು. ಅದೇ ಎಡವಟ್ಟಾಯಿತು. ರೇಣುಕವ್ವ ಹೋಳಿಗೆ ಬಡಿಸುತ್ತ ಬಂದರೆ "ಸಾಕು" ಎನ್ನಲೂ ಇವರಿಗೆ ಬಾಯಿಲ್ಲ. ಕೈ ಅಡ್ಡ ಹಿಡಿದರೆ, "ನಾಚ್ಕೋಬ್ಯಾಡ್ರಿ," ಎಂದು ಕೈಮೇಲೆಯೇ ತುಪ್ಪ ಸುರಿದರು. ಎಲೆಯಲ್ಲಿ ಬಿಟ್ಟೇಳುವವರಲ್ಲ ನಾವು. ಖಾಲಿ ಮಾಡಿದರೋ, ಇನ್ನೊಂದು ಬೀಳುತ್ತದೆ. ಏಳನೆಯದು ನುಂಗುವಾಗ ಕಣ್ಣು ಮೇಲಾಯಿತು. ಎಂಟನೆಯದು ಬರುವುದನ್ನು ಕಂಡಿದ್ದೇ, ಇನ್ನೂ ಯಾರ ಊಟವೂ ಮುಗಿದಿಲ್ಲ, ಇವರು ಎಲೆ ಮಡಚಿ ಎತ್ತಿಕೊಂಡು ನಿಂತೇಬಿಟ್ಟರು!

ರೇಣುಕವ್ವನ ಮುಖ ಕಪ್ಪಿಟ್ಟಿತು. "ಯಾಕ್ರಿ, ನಮ್ಮ ಹೋಳಿಗಿ ಸೇರಲಿಲ್ಲೇನ್ರಿ?"

ಇವರು ನನ್ನತ್ತ ನೋಡಿದರು. ಹಾಳಾಗಿ ಹೋಗಲಿ, ಮಾತಾಡಿ ಎಂದು ತಲೆಯಾಡಿಸಿದೆ.

"ಹಾಗಲ್ಲಮ್ಮ. ಹಾರ್ಮೋನ್ ಬಂದು ಜೀವಕೋಶಕ್ಕೆ ಕೆಲ್ಸ ಮಾಡು, ಕೆಲ್ಸ ಮಾಡು ಅನ್ನತ್ತೆ. ಅದನ್ನ ಕೇಳಿಸ್ಕೊಳ್ಳಕ್ಕೆ ಅಂತ ಒಂದು ಪ್ರೋಟೀನ್ ಇರತ್ತೆ. ಅದು ಇರೋವರ್ಗೂ ಕೋಶಕ್ಕೆ ಬಿಡುವಿಲ್ಲ. ಸಾಕಾದಾಗ ಏನ್ಮಾಡತ್ತೆ? ಆ ಪ್ರೋಟೀನಿಗೆ ಚೀಟಿ ಅಂಟಿಸತ್ತೆ, ಒಂದರ ಹಿಂದೆ ಒಂದು. ಚೀಟಿ ಇರೋದನ್ನ ಒಳಗಿನ ಯಂತ್ರ ಪುಡಿಪುಡಿ ಮಾಡತ್ತೆ, ಪಕ್ಕದ್ದನ್ನ ಮುಟ್ಟಲ್ಲ. ಕೇಳೋರೇ ಇಲ್ಲ ಅಂದ್ಮೇಲೆ ಹಾರ್ಮೋನ್ ಎಷ್ಟು ಕೂಗಿದ್ರೂ ಅಷ್ಟೇ. ನಿಮ್ ಪ್ರೀತಿನ ನಾನ್ ನಿಲ್ಸಕ್ಕಾಗತ್ತಾ? ಅದಕ್ಕೇ ಎಲೆ ತೆಗ್ದೆ."

ಮುಗಿಯಿತು ಅಂದುಕೊಂಡೆ. ಸುಮನ್ ತಲೆ ತಗ್ಗಿಸಿ ಕೋಸಂಬರಿಯ ಬೇಳೆ ಎಣಿಸುತ್ತಿದ್ದ. ನನಗೆ ಅಳುವೇ ಬಂತು.

ರೇಣುಕವ್ವ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಯೋಚಿಸಿದರು. "ಪುಡಿ ಆದ ಮ್ಯಾಲ ಆ ಪ್ರೋಟೀನ್ ಮತ್ತ ಬರೂದೇ ಇಲ್ಲೇನ್ರಿ?"

ಇವರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಇವರು ಬಯ್ಯದೆ, ಬೆದರಿಸದೆ ತಾನಾಗಿಯೇ ಪ್ರಶ್ನೆ ಕೇಳಿದ ಮೊದಲ ವಿದ್ಯಾರ್ಥಿ ಆಕೆಯೇ ಇರಬೇಕು. "ಬರತ್ತಮ್ಮ! ಬೇಕಾದಾಗ ಕೋಶ ಹೊಸದು ಮಾಡ್ಕೊಳತ್ತೆ!"

"ಹೌದೇನು?" ಎಂದವರೇ ಒಳಗೆ ಹೋಗಿ, ಹೊಸ ಎಲೆ ತಂದು ಇವರ ಮುಂದೆ ಹಾಸಿದರು. "ಹಂಗಾರ ಕೂಡ್ರಿ, ಬೀಗರ."

ಬೀಗರು ಅಂದರು! ಇವರು ಹೊಟ್ಟೆ ಹಿಡಿದುಕೊಂಡು ನನ್ನತ್ತ ದೀನವಾಗಿ ನೋಡಿದರು. ಅಯ್ಯೋ ಪಾಪ ಎನ್ನಲು ನನಗೆಲ್ಲಿ ಪುರುಸೊತ್ತು? ಭುಜ ಒತ್ತಿ ಕೂರಿಸಿದೆ.