ಬೀದರಿನ ಥಿಯೇಟರಿನಲ್ಲಿ ಮಾಣಿಕಪ್ಪನ ಸವಾಲು

ಕಲಬುರಗಿಯಿಂದ ಭಾಲ್ಕಿಗೆ ನಾನು ಹೋಗಿ ಇಳಿದದ್ದು ಫೆಬ್ರುವರಿಯ ಒಂದು ಶುಕ್ರವಾರ ಸಂಜೆ. ಬಸ್ಸು ಒಂದು ಗಂಟೆ ತಡವಾಗಿತ್ತು. ಕಂಡಕ್ಟರರು ಇದನ್ನು ಸಕಾಲವೆಂದೇ ಪರಿಗಣಿಸಿದ್ದರಿಂದ ನಾನೂ ತಕರಾರು ಮಾಡಲಿಲ್ಲ. ನಿಲ್ದಾಣದ ಎದುರಿನ ಗಾಡಿಯಲ್ಲಿ ಒಂದು ಪ್ಲೇಟು ಮಂಡಕ್ಕಿಯ ಸುಸಲಾ, ಎರಡು ಮಿರ್ಚಿ ಭಜಿ ತಿಂದು, ನಲವತ್ತು ವರ್ಷ ಸರ್ಕಾರಿ ಗುಮಾಸ್ತಿಕೆ ಮಾಡಿದವನಿಗೆ ಸಲ್ಲುವ ಗಾಂಭೀರ್ಯದಿಂದ ಲಾಡ್ಜಿನ ಮೆಟ್ಟಿಲು ಹತ್ತಿದೆ.

ಮರುದಿನ ಬೆಳಿಗ್ಗೆ ಎಸ್ತೇರಬಾಯಿಯವರ ಮನೆಗೆ ಹೋದೆ. ಅವರು ನಿವೃತ್ತ ನರ್ಸು. ಊರಿನವರ ಬಾಯಲ್ಲಿ ಇನ್ನೂ ‘ಸಿಸ್ಟರ್’. ಅವರ ತಂದೆ ಪ್ರಭುದಾಸ ಮಾಸ್ತರರು ಮೆಥಡಿಸ್ಟ್ ಚರ್ಚಿಗೆ ಸೇರಿದವರು. ವಾರವಿಡೀ ಶಾಲೆಯಲ್ಲಿ ಗಣಿತ, ಭಾನುವಾರ ಬೆಳಿಗ್ಗೆ ಕೀರ್ತನೆ, ಉಳಿದ ಸಮಯದಲ್ಲಿ ಪಾದ್ರಿಗಳ ಕಣ್ಣು ತಪ್ಪಿಸಿ ಲಾವಣಿ. ಅವರ ಶಾಲೆಯಲ್ಲಿ ನಾನು ನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಅವರ ದನಿ ಸ್ಟಾಫ್ ರೂಮಿನ ಗೋಡೆ ದಾಟಿ ನನ್ನ ಮೇಜಿಗೆ ಬರುತ್ತಿತ್ತು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

“ನಾಷ್ಟಾ ಮಾಡ್ರಿ ಕಾರಕೂನ್ ಸಾಹೇಬರ,” ಎಂದು ಎಸ್ತೇರಬಾಯಿ ರೊಟ್ಟಿ, ಪುಂಡಿ ಪಲ್ಯ ಮುಂದಿಟ್ಟರು. “ಬೀದರ ಥಿಯೇಟರದಾಗ ಏನರ ಆತಂದ್ರ ನೋಡಿದವರು ಒಬ್ಬರು ಬೇಕಲ್ಲರಿ. ಅದಕ್ಕ ನಿಮ್ಮನ್ನ ಕರಸೀನಿ. ನೀವು ಕಂಡದ್ದು ಬಿಟ್ಟು ಬ್ಯಾರೆ ಬರಿಯೋರಲ್ಲ.”

ಇದನ್ನು ನಾನು ಹೊಗಳಿಕೆಯೆಂದು ಸ್ವೀಕರಿಸಿದೆ.

ಹತ್ತು ಗಂಟೆಯ ಬೀದರ ಬಸ್ಸು ಹಿಡಿದೆವು. ಸುಮಾರು ನಲವತ್ತು ಕಿಲೋಮೀಟರು. ಹೆಂಗಸರಿಗೆ ಟಿಕೆಟು ಪುಕ್ಕಟೆ. ನನಗೆ ಪೂರ್ತಿ ದರ, ಮೇಲೆ ನಿಲ್ಲುವ ಭಾಗ್ಯ. ಎಸ್ತೇರಬಾಯಿಯವರ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದಿತ್ತು. ಅದರೊಳಗಿದ್ದದ್ದು ಮಾಸ್ತರರ ತುಂತುಣಿ, ಒಂಟಿ ತಂತಿಯ ವಾದ್ಯ. ದಾರಿ ಕೆಟ್ಟಲ್ಲೆಲ್ಲ ಬಸ್ಸು ಕುಲುಕಿದಾಗ ಅದು ಗಂಟಿನೊಳಗಿಂದಲೇ ‘ತುಂ’ ಎನ್ನುತ್ತಿತ್ತು. ಪಕ್ಕದ ಸೀಟಿನ ಮುದುಕಿ ಎರಡು ಸಲ ನೋಡಿ, ಮೂರನೆಯ ಸಲ ಎದ್ದು ಹಿಂದಿನ ಸೀಟಿಗೆ ಹೋದಳು. ಹೀಗೆ ನನಗೆ ಜಾಗ ಸಿಕ್ಕಿತು.

ಕುಳಿತ ಮೇಲೆ ಎಸ್ತೇರಬಾಯಿ ವಿಷಯ ಹೇಳಿದರು. ಔರಾದಿನ ಮಾಣಿಕಪ್ಪ ಎಂಬತ್ತರ ಹತ್ತಿರದ ಹಾಡುಗಾರ. ತಾನೇ ಕಟ್ಟಿದ ಹಾಡಲ್ಲದೆ ಬೇರೆಯವರದು ಒಂದು ಸಾಲನ್ನೂ ಹಾಡಿದವನಲ್ಲ. ಅವನೂ ಪ್ರಭುದಾಸ ಮಾಸ್ತರರೂ ಮೂವತ್ತು ವರ್ಷ ಎದುರಾಳಿಗಳು. ಒಬ್ಬ ಹಾಡಿನಲ್ಲಿ ಸವಾಲು ಹಾಕಬೇಕು, ಇನ್ನೊಬ್ಬ ಜವಾಬು ಕೊಡಬೇಕು. ಜವಾಬು ಸರಿಯೋ ತಪ್ಪೋ, ಬಂದ ಮೇಲೆ ಗೆದ್ದವನು ಇಬ್ಬರ ಪರವಾಗಿಯೂ ಮಂಗಳ ಹಾಡಿ ಮುಗಿಸುವುದು ಪದ್ಧತಿ. ಜವಾಬು ಬಾರದೆ ಮಂಗಳವಿಲ್ಲ. ಕೊನೆಯ ಸಲ ಬೀದರಿನ ಹಳೆಯ ಥಿಯೇಟರಿನಲ್ಲಿ ಕೂತಾಗ ಮಾಸ್ತರರಿಗೆ ಜವಾಬು ಹೊಳೆಯಲಿಲ್ಲ. ‘ಮುಂದಿನ ಸಲ ಹೇಳ್ತೇನಿ’ ಎಂದು ವಾಯಿದೆ ತೆಗೆದುಕೊಂಡರು. ಮುಂದಿನ ಸಲ ಬರುವಷ್ಟರಲ್ಲಿ ಅವರಿರಲಿಲ್ಲ.

“ಅವತ್ತಿನಿಂದ ಮಾಣಿಕಪ್ಪ ಕಾಕಾ ವರ್ಷಾ ವರ್ಷಾ ಅಲ್ಲೇ ಒಬ್ಬರೇ ಕೂಡತಾರ್ರಿ. ಹಾಡತಾರ. ಕಡೀಕ ನಮ್ಮಪ್ಪಗ ಅದೇ ಸವಾಲ್ ಹಾಕಿ ಕಾಯತಾರ. ಜವಾಬ್ ಬರಲ್ಲ, ಮಂಗಳ ಹಾಡದೆ ಎದ್ದು ಹೋಗತಾರ. ನಾವು ಪ್ರಾರ್ಥನಾ ಮಾಡಿ ಮಣ್ಣ ಕೊಟ್ಟೇವಿ, ಇವರು ಎಬ್ಬಸ್ಲತ್ಯಾರ. ನನ್ನ ನಿದ್ದಿ ಹಾರಿ ಹೋಗ್ಯಾದ.”

“ಮತ್ತೆ ಈಗೇಕೆ ಹೋಗುತ್ತಿದ್ದೀರಿ?”

“ಕಾಕಾಂದು ಗಂಟಲ ಕೆಟ್ಟದ. ಸೋಮವಾರ ಆಪರೇಶನ್. ಆಮ್ಯಾಲ ದನಿ ಉಳಿಯಲ್ಲ ಅಂತ ಡಾಕ್ಟರ್ ಹೇಳ್ಯಾರಂತ. ಇವತ್ತ ಮಂಗಳ ಆಗಲಿಲ್ಲಂದ್ರ ಎಂದೂ ಆಗಲ್ಲ. ಫೋನ್ ಮಾಡಿ ಅತ್ತರು, ತುಂತುಣಿ ತಗೊಂಡು ಬಾ ಯವ್ವಾ ಅಂತ.”

ಕಚೇರಿಯ ಬುದ್ಧಿಗೆ ಒಂದು ಸುಲಭ ಪರಿಹಾರ ಹೊಳೆಯಿತು. ವಾರಸುದಾರಳಾಗಿ ಇವರೇ ‘ಸೋತೆವು’ ಎಂದು ಹೇಳಿಬಿಟ್ಟರೆ ಕಡತ ಮುಕ್ತಾಯವಾಗುತ್ತದಲ್ಲ? ಹಾಗೆಂದೆ.

ಎಸ್ತೇರಬಾಯಿ ನನ್ನನ್ನು ಇಂಜೆಕ್ಷನ್ ಕೊಡುವ ಮುಂಚೆ ನೋಡುವಂತೆ ನೋಡಿದರು. “ನಮ್ಮಪ್ಪ ಸೋತಾನಂತ ನಾ ಹ್ಯಾಂಗ ಹೇಳಲಿರಿ? ಅವ ಸೋತಿಲ್ಲ. ವಾಯಿದೆ ತಗೊಂಡಾನ.”

ಬೀದರ ಹತ್ತಿರವಾದಂತೆ ಗಾಳಿ ತಣ್ಣಗಾಯಿತು. ಬಸ್ ನಿಲ್ದಾಣದಿಂದ ಆಟೋ ಹಿಡಿದು ಹಳೆಯ ಊರಿನೊಳಕ್ಕೆ ಹೋದೆವು. ಚೌಬಾರಾ ಗೋಪುರದ ಬಳಿಯ ಹೋಟೆಲಿನಲ್ಲಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಥಿಯೇಟರ್ ಎಲ್ಲಿ ಎಂದು ಕೇಳಿದಾಗ ಹೋಟೆಲಿನವನು ಕೈ ತೋರಿಸಿ, “ಅಂದರ್ ಜಾತೆ ಕ್ಯಾ? ಹೋಗ್ರಿ, ಮ್ಯಾಲಿನ ಕಡೆ ನೋಡಬ್ಯಾಡ್ರಿ,” ಎಂದ. ಕಾರಣ ಕೇಳಿದೆ. “ಪಾರಿವಾಳ ಅವರಿ, ಹಿಕ್ಕಿ ಕಣ್ಣಾಗ ಬೀಳತದ,” ಎಂದ. ಅವನು ನಗಲಿಲ್ಲ.

ನಿಜಾಮರ ಕಾಲದಲ್ಲಿ ನಾಟಕ ಕಂಪನಿಗಳಿಗಾಗಿ ಕಟ್ಟಿದ ಕಟ್ಟಡ. ಆಮೇಲೆ ಸಿನೆಮಾ ಬಂತು, ಸಿನೆಮಾ ಹೋಗಿ ತೊಗರಿ ಗೋದಾಮಾಯಿತು, ತೊಗರಿಯೂ ಹೋಯಿತು. ಮುಂಭಾಗದ ಹೆಸರಿನ ಅಕ್ಷರಗಳು ಉದುರಿ, ಊರಿನವರು ಈಗ ಬರೀ ‘ಥಿಯೇಟರ್’ ಎನ್ನುತ್ತಾರೆ. ಕರೆಂಟು ಕತ್ತರಿಸಿರುವುದರಿಂದ ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ಬಾಗಿಲಲ್ಲಿ ಮುದುಕ ಖಾಜಾಮಿಯಾ ನಿಂತಿದ್ದರು. ಅವರ ತಂದೆ ಇಲ್ಲಿಯೇ ಟಿಕೆಟು ಹರಿಯುತ್ತಿದ್ದರಂತೆ. ಈಗ ಟಿಕೆಟಿಲ್ಲ, ಆದರೂ ಖಾಜಾಮಿಯಾ ಒಳಗೆ ಹೋಗುವವರ ಮುಂದೆ ಬೆರಳುಗಳಿಂದ ಏನನ್ನೋ ಹರಿದಂತೆ ಮಾಡುತ್ತಿದ್ದರು. ನಾವಿಬ್ಬರು ದಾಟಿದೆವು. ಅವರ ಬೆರಳುಗಳು ಮೂರು ಸಲ ಹರಿದವು.

“ಇಬ್ಬರೇ ಇದ್ದೇವೆ,” ಎಂದೆ.

“ಜೀ ಸಾಬ್,” ಎಂದು ಎಸ್ತೇರಬಾಯಿಯವರ ಕೈಯಲ್ಲಿದ್ದ ಗಂಟು ನೋಡಿದರು. “ಮಾಸ್ಟರ್ ಸಾಬರ ಸೀಟು ಹಿಡದು ಇಟ್ಟೇನಿ.”

ಒಳಗಡೆ ಹಗಲು ಅಲ್ಲಲ್ಲಿ ಮಾತ್ರ ಇತ್ತು. ಛಾವಣಿಯ ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ನೆಲಕ್ಕೆ ಇಳಿದಿದ್ದವು. ಅವುಗಳ ನಡುವೆ ಎಲ್ಲವೂ ಕತ್ತಲೆ. ನೆಲಕ್ಕೆ ಬಿಗಿದ ಕಬ್ಬಿಣದ ಕುರ್ಚಿಗಳಲ್ಲಿ ನಲವತ್ತು ಜನ ಇದ್ದಾರು. ಹೆಚ್ಚಿನವರು ನನ್ನಂತೆ ಪಿಂಚಣಿದಾರರು. ಯಾರೂ ಒಬ್ಬರ ಪಕ್ಕ ಒಬ್ಬರು ಕುಳಿತಿರಲಿಲ್ಲ. ನಡುವೆ ಒಂದೊಂದು ಕುರ್ಚಿ ಖಾಲಿ. ಇದೇಕೆಂದು ಯಾರನ್ನೂ ಕೇಳಲಿಲ್ಲ, ಆದರೆ ನಾನೂ ಒಂದು ಕುರ್ಚಿ ಬಿಟ್ಟೇ ಕೂತೆ. ಹಿಂದೆ ಮೇಲಕ್ಕೆ ಬಾಲ್ಕನಿ. ಅದಕ್ಕೆ ಹೋಗುವ ಮೆಟ್ಟಿಲ ಬಾಗಿಲಿಗೆ ಇಟ್ಟಿಗೆ ಕಟ್ಟಿ ಗಾರೆ ಮಾಡಿದ್ದರು. ಗಾರೆಯ ಮೇಲೆ ವರ್ಷಗಳ ಹಸಿರು ಪಾಚಿ.

ವೇದಿಕೆಯ ಮೇಲೆ ಎರಡು ಚಾಪೆ. ಎಡಗಡೆಯದರ ಮೇಲೆ ಎಸ್ತೇರಬಾಯಿ ತುಂತುಣಿಯನ್ನು ಇಟ್ಟು ಬಂದರು. ಬಲಗಡೆಯದರ ಮೇಲೆ ಮಾಣಿಕಪ್ಪ ಬಂದು ಕುಳಿತ. ಸಣ್ಣ ಆಳು, ದೊಡ್ಡ ರುಮಾಲು, ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ. ಹಿಮ್ಮೇಳದವರಿಲ್ಲ, ಮೈಕಿಲ್ಲ. ಎಡಗಡೆಯ ಚಾಪೆಗೆ ಕೈಮುಗಿದ. “ಬಂದಿ?” ಎಂದು ಸಹಜವಾಗಿ ಕೇಳಿದ, ಹೊಲದ ಬದುವಿನಲ್ಲಿ ಸಿಕ್ಕವರನ್ನು ಕೇಳುವ ಹಾಗೆ.

ಒಂದೂವರೆ ತಾಸು ಹಾಡಿದ. ಗಂಟಲು ಕೆಟ್ಟಿದ್ದು ನಿಜ. ದನಿ ಒಡೆದ ಮಡಕೆಯ ಹಾಗಿತ್ತು. ಆದರೆ ಆ ಕಟ್ಟಡ ಆ ದನಿಗೆಂದೇ ಕಟ್ಟಿದಂತಿತ್ತು. ಸಾಲು ಮುಗಿದ ಮೇಲೆ ಅದರ ಬಾಲ ಗೋಡೆಯುದ್ದಕ್ಕೂ ನಡೆದು, ಬಾಲ್ಕನಿಯ ಕೆಳಗೆ ಬಂದು ನಿಲ್ಲುತ್ತಿತ್ತು. ತೊಗರಿ ಕೊಯ್ಲಿನ ಮೇಲೆ, ರಜಾಕಾರರ ಕಾಲದಲ್ಲಿ ಅವನ ತಾಯಿ ಮನೆಯೊಳಗೆ ಅಡಗಿದ್ದರ ಮೇಲೆ, ಬೀದರ ಪಕ್ಕದ ಕೊಳಾರದ ಕಾರ್ಖಾನೆಗೆ ಹೋಗುವ ಹೆಂಗಸರ ಬುತ್ತಿಯ ಮೇಲೆ ಹಾಡಿದ. ಪ್ರತಿ ಹಾಡಾದ ಮೇಲೂ ಎಡಗಡೆ ತಿರುಗಿ ನೋಡುತ್ತಿದ್ದ. ನಾಲ್ಕನೆಯ ಹಾಡಿನಿಂದ ನಾವೂ ನೋಡತೊಡಗಿದೆವು.

ಕೊನೆಗೆ ದಪ್ಪು ಕೆಳಗಿಟ್ಟ.

“ಹನ್ನೊಂದು ವರ್ಷ ಆತು ಮಾಸ್ತರ. ಸೋಮವಾರ ನನ್ನ ಗಂಟಲ ಕೊಯ್ಯತಾರ. ಇನ್ನ ಕೇಳಲಾಕ ದನಿ ಇರಲ್ಲ. ಇದು ಕಡೀದು,” ಎಂದು ಹೇಳಿ, ತಾಳವಿಲ್ಲದೆ ಸವಾಲು ಹಾಡಿದ:

“ಕದಾ ಇಲ್ಲ ಚಿಲಕಾ ಇಲ್ಲ, ಹಗಲ ರಾತ್ರಿ ತೆರದ ಮನಿ,
ಹೊಕ್ಕದ್ದು ಹೊರಗ ಬರಲೇ ಇಲ್ಲ, ಯಾವ ಮನಿಯೋ ಹೇಳ ಗೆಣಿಯಾ.”

ಮುಂದಿನ ಸಾಲಿನಿಂದ ಯಾರೋ ಮೆಲ್ಲಗೆ “ಗೋರಿ” ಎಂದರು. ನನಗೂ ಅದೇ ಸರಿ ಎನಿಸಿತು. ಮಾಣಿಕಪ್ಪ ತಲೆ ಎತ್ತದೆ, “ಸಭಾದವರ ಜವಾಬ್ ನಡೆಯಲ್ಲರಿ. ಸುಮ್ಮ ಕೂಡ್ರಿ,” ಎಂದ.

ಸುಮ್ಮನೆ ಕೂತೆವು. ನಲವತ್ತು ಜನ ಮುದುಕರು ಒಟ್ಟಿಗೆ ಕೆಮ್ಮದೆ ಕೂತದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ಬಿಸಿಲಿನ ಕೋಲುಗಳು ನೆಲದ ಮೇಲೆ ಒಂದು ಗೇಣು ಸರಿದವು. ಪಾರಿವಾಳಗಳು ರೆಕ್ಕೆ ಬಡಿದು ನಿಂತವು. ಎಸ್ತೇರಬಾಯಿ ಒಂದು ಕುರ್ಚಿಯಾಚೆ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ವೇದಿಕೆಯನ್ನೇ ನೋಡುತ್ತಿದ್ದರು. ಹತ್ತು ನಿಮಿಷವಾಗಿರಬೇಕು. ಮಾಣಿಕಪ್ಪನ ತಲೆ ಎದೆಗೆ ಬಾಗಿತು. ಅವನು ಏಳಲು ನೆಲಕ್ಕೆ ಕೈ ಊರಿದ.

ಆಗ ಹಿಂದಿನಿಂದ, ಮೇಲಿನಿಂದ, ಒಂದು ಗಂಡುದನಿ ಗಂಟಲು ಸರಿಮಾಡಿಕೊಂಡು ಹೇಳಿತು: “ಒಲಿ.”

ಕಂಡದ್ದನ್ನಷ್ಟೇ ಬರೆಯುವವನು ಕೇಳಿದ್ದನ್ನೂ ಬರೆಯಬೇಕಾಗುತ್ತದೆ. ದನಿ ಜೋರಾಗಿರಲಿಲ್ಲ. ತರಗತಿಯಲ್ಲಿ ಉತ್ತರ ಬರೆಸುವವನ ದನಿ. ನಾಲ್ಕು ವರ್ಷ ಗೋಡೆಯಾಚೆಯಿಂದ ನನ್ನ ಮೇಜಿಗೆ ಬರುತ್ತಿದ್ದ ದನಿ. ನನ್ನ ಹಿಂದಿನ ಕುರ್ಚಿಯವರು “ಕೌನ್ ಬೋಲಾ?” ಎಂದು ಉಸುರಿದರು. ಖಾಜಾಮಿಯಾ ಬಾಗಿಲು ಬಿಟ್ಟು ಓಡಿ ಬಂದು, ಇಟ್ಟಿಗೆ ಕಟ್ಟಿದ ಮೆಟ್ಟಿಲ ಬಾಗಿಲಿನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದರು. ಗೋಡೆ ಗೋಡೆಯಾಗಿಯೇ ಇತ್ತು. ಹೋಟೆಲಿನವನ ಎಚ್ಚರಿಕೆಗೆ ಮನ್ನಣೆ ಕೊಟ್ಟು ನಾನು ಮಾತ್ರ ಮೇಲೆ ನೋಡಲಿಲ್ಲ.

ಮಾಣಿಕಪ್ಪ ಊರಿದ ಕೈ ಊರಿದಂತೆಯೇ ಇದ್ದ. ಆಮೇಲೆ ಅವನ ಮುಖ ನಿಧಾನವಾಗಿ ಅರಳಿತು.

“ತಪ್ಪು,” ಎಂದ.



“ತಪ್ಪು ಮಾಸ್ತರ. ಒಲ್ಯಾಗ ಹೊಕ್ಕದ್ದು ಬೂದಿಯಾಗಿ ಹೊರಗ ಬರತದ. ಅದು ಕಿವಿ. ಹೊಕ್ಕ ಮಾತು ಹೊರಳಿ ಬರಲ್ಲ.” ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದ. “ಇವನೇ ಇವ. ಮಂದಿ ಎಲ್ಲಾ ಗೋರಿ ಅಂತಾರ, ಇವ ಒಲಿ ಅಂತಾನ. ಮೂವತ್ತು ವರ್ಷ ಏನ್ ಕೇಳಿದ್ರೂ ಅಡಗಿಮನಿಗೇ ಹೋಗತಿದ್ದ. ಆಕಾಶದ ಸವಾಲ್ ಹಾಕಿದ್ರ ರೊಟ್ಟಿ ಅಂತಿದ್ದ, ಸಮುದ್ರದ್ದು ಹಾಕಿದ್ರ ಸಾರು ಅಂತಿದ್ದ. ಸರಿ ಜವಾಬ್ ಬಂದಿದ್ರ ನಾ ನಂಬತಿದ್ದಿಲ್ಲ.”

ಯಾರೋ ನಕ್ಕರು, ನಗು ಅರ್ಧಕ್ಕೇ ನಿಂತಿತು. ಪದ್ಧತಿಯ ಪ್ರಕಾರ ಸೋತ ಕಡೆಯವರು ತಮ್ಮ ವಾದ್ಯವನ್ನು ಗೆದ್ದವನ ಕೈಗೆ ಕೊಡಬೇಕು, ಕೊಡದೆ ಮಂಗಳವಿಲ್ಲ. ಎಲ್ಲರ ಕಣ್ಣು ಎಸ್ತೇರಬಾಯಿಯವರ ಮೇಲೆ. ಅವರು ಮಾಣಿಕಪ್ಪನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ವೇದಿಕೆ ಹತ್ತಿ, ತುಂತುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು.

“ಸೋತೇವ್ರಿ ಕಾಕಾ,” ಎಂದರು.

ಮಾಣಿಕಪ್ಪ ಮಂಗಳ ಹಾಡಿದ. ಆ ಒಡಕು ದನಿ ಕೊನೆಯ ಸಾಲಿನವರೆಗೂ ಬಿಡಲಿಲ್ಲ. ಮುಗಿದ ಮೇಲೆ ಅದು ಈ ಸಲ ಗೋಡೆಯ ಮೇಲೆ ಎಲ್ಲಿಗೂ ನಡೆದು ಹೋಗಲಿಲ್ಲ. ಬಾಯಿಯ ಹತ್ತಿರವೇ ಆರಿತು.

ಅಂದು ಸಂಜೆಯ ಬಸ್ಸಿನಲ್ಲಿ ಅವನನ್ನು ಔರಾದಿಗೆ ಮುಟ್ಟಿಸಿದೆವು. ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು. ದಾರಿಯುದ್ದಕ್ಕೂ ಮಾಣಿಕಪ್ಪ ಒಂದು ಮಾತೂ ಆಡಲಿಲ್ಲ. ಬೇಸರದಿಂದಲ್ಲ, ಆಡುವುದು ಮುಗಿದಿತ್ತು. ಕಂಡಕ್ಟರರು ಎಲ್ಲಿಗೆ ಎಂದು ಕೇಳಿದರೂ ನನ್ನ ಕಡೆ ಕೈ ತೋರಿಸಿದ. ಅವನ ಮನೆಯಲ್ಲಿ ಸೊಸೆ ಜೋಳದ ನುಚ್ಚಿನ ಬಾನ, ಮಜ್ಜಿಗೆ ಬಡಿಸಿದಳು. ಉಂಡು ಪಡಸಾಲೆಯಲ್ಲಿ ಮಲಗಿದೆವು. ನನಗೆ ನಿದ್ದೆ ಬರಲಿಲ್ಲ, ಎಸ್ತೇರಬಾಯಿ ಗೊರಕೆ ಹೊಡೆದರು.

ಭಾನುವಾರ ಬೆಳಿಗ್ಗೆ ಮಾಣಿಕಪ್ಪ ಬಸ್ ನಿಲ್ದಾಣದವರೆಗೆ ನಡೆದು ಬಂದ. ಬಸ್ಸು ಹೊರಟಾಗ ಕೈ ಎತ್ತಿದ. ಊರು ದಾಟಿದ ಮೇಲೆ ನಾನು ಎಸ್ತೇರಬಾಯಿಯವರಿಗೆ, ಒಂದು ದಿನದಿಂದ ತಡೆದಿಟ್ಟಿದ್ದ ಪ್ರಶ್ನೆ ಕೇಳಿದೆ.

“ಮಾಸ್ತರರ ದನಿಯೇ ಅಲ್ಲವೇ ಅದು? ಮಗಳಾಗಿ ನೀವೇ ಹೇಳಬೇಕು.”

“ಯಾವ ದನಿರಿ?”

ನಾನು ಅವರ ಮುಖ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ.

“ನನಗ ಪಾರಿವಾಳ ಬಿಟ್ಟರ ಏನೂ ಕೇಳಸಲಿಲ್ಲರಿ. ಸುಮ್ಮ ಕೂತಿದ್ದೆ. ಕಾಕಾ ‘ತಪ್ಪು’ ಅಂದ್ರು, ಒಲಿ ಅಂದ್ರು. ಅವರ ಮಾರಿ ನೋಡಿದೆ. ಅಂಥಾ ಮಾರಿ ನಾ ದವಾಖಾನ್ಯಾಗ ಭಾಳ ಕಂಡೀನಿ, ನೋವು ಬಿಟ್ಟ ಮ್ಯಾಲ ಇರತದಲ್ಲ, ಅದು. ಎದ್ದು ಕೊಟ್ಟೆ.”

“ಏನೂ ಕೇಳದೆಯೇ ತಂದೆ ಸೋತರೆಂದು ಒಪ್ಪಿದಿರಾ?”

“ಒಪ್ಪಿದೆ.” ಸೀಟಿನ ಕಂಬಿ ಹಿಡಿದುಕೊಂಡು ಕೇಳಿದರು: “ನಿಮಗ ಕೇಳಿಸ್ತೇನ್ರಿ?”

“ಕೇಳಿಸಿತು.”

“ಖರೆ?”

“ಖರೆ.”

ಬಸ್ಸು ಏರಿನಲ್ಲಿ ಗೇರು ಬದಲಿಸಿತು. ಎಸ್ತೇರಬಾಯಿ ದನಿ ತಗ್ಗಿಸಿ ಕೇಳಿದರು: “ಹ್ಯಾಂಗಿತ್ತರಿ ನಮ್ಮಪ್ಪನ ದನಿ?”

ಯೋಚಿಸಿ ಹೇಳಿದೆ: “ಚೆನ್ನಾಗಿತ್ತು. ಸ್ವಲ್ಪ ಹಸಿದ ಹಾಗಿತ್ತು.”

ಅವರು ಕಿಟಕಿಯ ಕಡೆ ತಿರುಗಿ, ಸಂತಪುರ ದಾಟುವವರೆಗೂ ತುಂತುಣಿ ಉಳಿದ ಔರಾದಿನ ಕಡೆಗೇ ನೋಡುತ್ತ ಕುಳಿತಿದ್ದರು.