ಶೀತಕೋಣೆಯಲ್ಲಿ ಎರಡನೆಯ ಹತ್ತಿ

ಬೆಳಗಿನ ಐದೂವರೆ. ಅಮೆರಿಕದ ಪಾರ್ಸಿಪನಿ ಪಟ್ಟಣದ ಹೊರವಲಯದ ಈ ಸಂಶೋಧನಾಲಯದ ಪಾರ್ಕಿಂಗ್ ಲಾಟ್‌ನಲ್ಲಿ ರಾತ್ರಿ ಬಿದ್ದ ಹಿಮವನ್ನು ಇನ್ನೂ ತಳ್ಳಿಲ್ಲ. ಒಳಗೆ ನಿಲುವಂಗಿ, ಮುಖಗವಸು, ಎರಡು ಜೊತೆ ಕೈಗವಸು ತೊಟ್ಟ ಶಿವಕ್ಕ ಶೀತಕೋಣೆಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ತೆರೆಯದೆ, ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನಿನ್ನೆ ಸಂಜೆ ಒಳಗಿನ ಉಷ್ಣತೆಯನ್ನು ಹತ್ತು ಡಿಗ್ರಿಯಿಂದ ಆರಕ್ಕೆ ಇಳಿಸಲಾಗಿದೆ. ಅಲ್ಲಿ ಇಪ್ಪತ್ತನಾಲ್ಕು ಕಪ್ಪು ಇಲಿಗಳಿವೆ. ಅವು ರಾತ್ರಿ ಕಳೆದಿವೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕಾದವರು ಇವರೇ.

ಶಿವಕ್ಕನವರಿಗೆ ಐವತ್ತೇಳು ವರ್ಷ. ಹುಟ್ಟಿದ್ದು ಸವಣೂರಿನಲ್ಲಿ. ತಮ್ಮನ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ದೊರೆತು ಗಂಡನೊಡನೆ ಬಂದವರು. ಒಂಬತ್ತು ವರ್ಷಗಳಿಂದ ಇಲ್ಲಿ ಪ್ರಯೋಗದ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದಾರೆ. ಪೆಟ್ಟಿಗೆ ಬದಲಿಸುವುದು, ನೀರು ತುಂಬುವುದು, ಆಹಾರ ತೂಗುವುದು, ಸತ್ತದ್ದನ್ನು ಎತ್ತುವುದು. ಪ್ರಬಂಧಗಳು ಪ್ರಕಟವಾದಾಗ ಅವುಗಳ ಕೊನೆಯ ಸಾಲಿನಲ್ಲಿಯೂ ಈ ಕೆಲಸ ಮಾಡುವವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಈ ಪ್ರಯೋಗ ಮೈಸೂರಿನ ಯುವ ಸಂಶೋಧಕಿ ಸಂಹಿತಾ ಅವರದು. ವಿಷಯ ಕಂದು ಕೊಬ್ಬು. ನಮಗೆಲ್ಲ ಪರಿಚಿತವಾದ ಬಿಳಿ ಕೊಬ್ಬು ಕೂಡಿಡುತ್ತದೆ. ಕಂದು ಕೊಬ್ಬು ಸುಡುತ್ತದೆ. ಅದರ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ ಕಿಕ್ಕಿರಿದಿವೆ. ಅವುಗಳಲ್ಲಿನ ಕಬ್ಬಿಣದಿಂದ ಆ ಬಣ್ಣ. ಬೇರೆ ಕೋಶಗಳು ಕೊಬ್ಬನ್ನೂ ಸಕ್ಕರೆಯನ್ನೂ ಉರಿಸಿ ದುಡಿಮೆಗೆ ಶಕ್ತಿ ಪಡೆದರೆ, ಇವು ಅದೇ ಇಂಧನವನ್ನು ನೇರವಾಗಿ ಶಾಖವಾಗಿಸುತ್ತವೆ. ಸ್ನಾಯುಗಳು ನಡುಗಬೇಕಾಗಿಲ್ಲ. ಎಳೆಗೂಸಿಗೆ ನಡುಗಲು ಬಾರದು. ಅದರ ಬೆನ್ನಿನ ಮೇಲ್ಭಾಗದಲ್ಲಿರುವ ಕಂದು ಕೊಬ್ಬೇ ಅದನ್ನು ಬೆಚ್ಚಗಿಡುತ್ತದೆ. ವಯಸ್ಕರಲ್ಲಿಯೂ ಕತ್ತು ಮತ್ತು ಕೊರಳೆಲುಬಿನ ಬಳಿ ಸ್ವಲ್ಪ ಉಳಿದಿರುತ್ತದೆ. ಅದು ಚುರುಕಾದಾಗ ರಕ್ತದಲ್ಲಿನ ಸಕ್ಕರೆ ಮತ್ತು ಕೊಬ್ಬು ಎಷ್ಟರಮಟ್ಟಿಗೆ ಖರ್ಚಾಗುತ್ತವೆ ಎಂಬುದು ವೈದ್ಯರ ಆಸಕ್ತಿಗೆ ಕಾರಣ.

ಇಲಿಯನ್ನೇ ಏಕೆ ಆರಿಸಿದರು ಎಂಬುದಕ್ಕೆ ಸರಳ ಲೆಕ್ಕವಿದೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು. ಚರ್ಮ ಹೆಚ್ಚಾದಷ್ಟೂ ಶಾಖದ ಸೋರಿಕೆ ಹೆಚ್ಚು. ಇಪ್ಪತ್ತೈದು ಗ್ರಾಂ ತೂಕದ ಇಲಿ ಇಂಥ ಚಳಿಯಲ್ಲಿ ದಿನಕ್ಕೆ ಎಂಟು ಗ್ರಾಂನಷ್ಟು ತಿನ್ನುತ್ತದೆ. ಅದೇ ಪ್ರಮಾಣದಲ್ಲಿ ಎಪ್ಪತ್ತು ಕಿಲೋ ತೂಕದ ಮನುಷ್ಯ ತಿನ್ನುವುದಾದರೆ ದಿನಕ್ಕೆ ಇಪ್ಪತ್ತೆರಡು ಕಿಲೋ ಬೇಕು.

ಆದರೆ ಇಲಿಯನ್ನು ಒಮ್ಮೆಗೇ ಚಳಿಗೆ ನೂಕಿದರೆ ಅದು ಸಾಯಬಹುದು. ವಾರಕ್ಕೆ ನಾಲ್ಕು ಡಿಗ್ರಿಯಂತೆ ಇಳಿಸಬೇಕು. ಮೊದಮೊದಲು ನಡುಗುತ್ತದೆ, ಕಂದು ಕೊಬ್ಬು ಬೆಳೆದಂತೆ ನಡುಕ ಇಳಿಯುತ್ತದೆ. "ಚಳಿ ಅನ್ನೂದು ಕಲಸಬೇಕ್ರಿ ಇವಕ್ಕ," ಎನ್ನುತ್ತಾರೆ ಶಿವಕ್ಕ. "ಈಜು ಕಲಸಿದಂಗ. ಒಮ್ಮಿಗೇ ಬಾವ್ಯಾಗ ದೂಡಿದ್ರ ಆತೇನು?"

ಹೀಗೆ ಹೇಳುವ ಶಿವಕ್ಕನವರೇ ಕಳೆದ ಶರತ್ಕಾಲದಲ್ಲಿ ಪ್ರಯೋಗವನ್ನು ಕೆಡಿಸಿದರು.

ಇಲ್ಲಿನ ಸಾಮಾನ್ಯ ಕೋಣೆಗಳಲ್ಲಿ ಮರಿ ಹಾಕಿದ ಇಲಿಗೆ ಗೂಡು ಕಟ್ಟಿಕೊಳ್ಳಲು ಒಂದರ ಬದಲು ಎರಡು ಹತ್ತಿಯ ತುಂಡು ಕೊಡುವ ಪದ್ಧತಿಯಿದೆ. ಶಿವಕ್ಕ ಆ ಇಲಿಗಳನ್ನು ಬಾಣಂತಿಯರೆಂದೇ ಕರೆಯುತ್ತಾರೆ. ಸವಣೂರಿನ ಮನೆಯಲ್ಲಿ ಹೆರಿಗೆಯೆಂದರೆ ಮೊದಲು ಹೊರಬರುತ್ತಿದ್ದುದು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ಶೀತಕೋಣೆಯ ಕೆಲಸ ಅವರಿಗೆ ಹೊಸದಾಗಿತ್ತು. ಒಂಟಿಯಾಗಿ ಕುಳಿತು ನಡುಗುವ ಇಲಿಗಳನ್ನು ಕಂಡು, ಬಾಣಂತಿಗೆ ಸಲ್ಲುವುದು ಇವಕ್ಕೂ ಸಲ್ಲಲಿ ಎಂದು ಪ್ರತಿ ಪೆಟ್ಟಿಗೆಗೂ ಎರಡನೆಯ ತುಂಡನ್ನು ಇಟ್ಟರು. ಅಲ್ಲಿ ಒಂದೇ ಇರಬೇಕೆಂಬ ಸೂಚನೆಯನ್ನು ಅವರು ಕೇಳಿದ್ದರು. ಅದು ಜಿಪುಣತನವೆಂದು ಭಾವಿಸಿದ್ದರು.

ಇಲಿಗಳು ಆ ಹತ್ತಿಯನ್ನು ಎಳೆಯೆಳೆಯಾಗಿ ಬಿಡಿಸಿ ಗುಮ್ಮಟದಂಥ ಗೂಡು ಕಟ್ಟಿಕೊಂಡು ಬೆಚ್ಚಗೆ ಮಲಗಿದವು. ಕಂದು ಕೊಬ್ಬಿಗೆ ಹೆಚ್ಚು ಕೆಲಸ ಬೀಳಲಿಲ್ಲ. ಅದು ನಿರೀಕ್ಷೆಯಂತೆ ಬೆಳೆಯಲಿಲ್ಲ. ತಿನ್ನುವುದು ಕಡಿಮೆಯಾಯಿತು. ಸಂಹಿತಾ ಉಷ್ಣಮಾಪಕದ ಮೇಲೆ ಅನುಮಾನಪಟ್ಟು ಅದನ್ನು ಬದಲಿಸಿದರು. ಕೊನೆಗೊಂದು ಬೆಳಿಗ್ಗೆ ತಾವೇ ಬೇಗ ಬಂದು ಗೂಡುಗಳನ್ನು ಕಂಡರು.

"ಬೈಯೋಕೂ ಆಗ್ಲಿಲ್ಲ ಸಾರ್," ಎಂದು ಸಂಹಿತಾ, ವರದಿಗಾಗಿ ಬಂದ ನನ್ನೆದುರು ನೆನೆಯುತ್ತಾರೆ. "ಇವ್ರು ನನ್ನ ಕರೆದು ಹೆಮ್ಮೆಯಿಂದ ತೋರಿಸಿದ್ರು, 'ನೋಡವ್ವ, ಎಷ್ಟು ಆರಾಮ ಅದಾವ' ಅಂತ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮೂರು ತಿಂಗಳ ಡೇಟಾ, ಕಂಪ್ಲೀಟ್ಲಿ ವೇಸ್ಟ್. ನನ್ನ ಫೆಲೋಶಿಪ್ ಮೇ ತಿಂಗಳಿಗೆ ಮುಗಿಯುತ್ತೆ."

ಮೇಲ್ವಿಚಾರಕಿ ಶಿವಕ್ಕನವರನ್ನು ಆ ಕೋಣೆಯಿಂದ ತೆಗೆಯಲು ಹೊರಟಾಗ ತಡೆದವರು ಸಂಹಿತಾ. ಅದು ಉಪಕಾರವಲ್ಲ. ಹೆದರಿದ ಇಲಿಯ ಮೈಶಾಖ ಏರುತ್ತದೆ, ಅಳತೆ ಕೆಡುತ್ತದೆ. ಶಿವಕ್ಕನವರ ಕೈಯಲ್ಲಿ ಅವು ಹೆದರುವುದಿಲ್ಲ. ಹೀಗಾಗಿ ಜನವರಿಯಲ್ಲಿ ಹೊಸ ಇಲಿಗಳೊಂದಿಗೆ ಎಲ್ಲವೂ ಮೊದಲಿನಿಂದ ಆರಂಭವಾಯಿತು. ಈ ಸಲ ತಪ್ಪಿದರೆ ಮೂರನೆಯ ಸಲಕ್ಕೆ ಕಾಲಾವಕಾಶವಿಲ್ಲ.

ಅಂದಿನಿಂದ ಇಬ್ಬರ ನಡುವೆ ಒಂದು ಆಟ ನಡೆದಿದೆ. "ಆಂಟಿ, ಜೇಬು ತೋರಿಸಿ!" ಎಂದು ಸಂಹಿತಾ ಇಂದೂ ಬಾಗಿಲಲ್ಲಿ ಅಡ್ಡ ನಿಲ್ಲುತ್ತಾರೆ.

"ಹುಡುಕವ್ವ ತಾಯಿ, ಹುಡುಕು. ನ್ಯೂಆರ್ಕ್ ಏರ್‌ಪೋರ್ಟ್‌ನಾಗ ಕಸ್ಟಮ್ಸ್‌ನವರೂ ನನ್ನ ಹಿಂಗ ಹುಡುಕಿಲ್ಲ. ಅವತ್ತು ಚೀಲದಾಗ ಎರಡು ಕಿಲೋ ಶೇಂಗಾ ಚಟ್ನಿ ಇತ್ತು!"

ನಗು ನಿಂತ ಮೇಲೆ ಶಿವಕ್ಕ ಬಾಗಿಲು ತೆರೆದು ಒಳಹೋಗುತ್ತಾರೆ. ಹೊರಗಿನವರಿಗೆ ಪ್ರವೇಶವಿಲ್ಲ, ಗಾಜಿನ ಕಿಂಡಿಯಿಂದ ನೋಡಬೇಕು. ಒಂದೊಂದೇ ಪೆಟ್ಟಿಗೆಯನ್ನು ಸದ್ದಿಲ್ಲದೆ ಎಳೆಯುತ್ತಾರೆ. ಹತ್ತಿಯ ಗೂಡು ತೆಳ್ಳಗಿದೆ, ಇಲಿಯ ಬೆನ್ನು ಹೊರಗೇ ಇದೆ. ಬೆರಳು ತಾಗಿದಾಗ ಇಲಿ ಮೂಗೆತ್ತುತ್ತದೆ. ಮುಂದಿನದು. ಮೂರನೆಯ ಸಾಲಿನಲ್ಲಿ ಒಂದು ಇಲಿ ಏಳುವುದಿಲ್ಲ. ಶಿವಕ್ಕ ಅದನ್ನು ಅಂಗೈಗೆ ತೆಗೆದುಕೊಂಡು ಅಲುಗಾಡದೆ ನಿಲ್ಲುತ್ತಾರೆ. ಕಿಂಡಿಯ ಬಳಿ ಸಂಹಿತಾ ಗಾಜಿಗೆ ಹಣೆ ತಾಗುವಷ್ಟು ಬಾಗಿದ್ದಾರೆ. ಇಲಿ ಕಾಲು ಚಾಚುತ್ತದೆ, ಆಕಳಿಸುತ್ತದೆ.

"ನಿದ್ದಿಬಡಕ," ಎಂದು ಶಿವಕ್ಕ ಅದನ್ನು ಬೈಯುವುದು ಗಾಜಿನಾಚೆಗೂ ಕೇಳುತ್ತದೆ. ಇಪ್ಪತ್ತನಾಲ್ಕೂ ಬದುಕಿವೆ.

ಒಂದು ಗಂಟೆಯ ಬಳಿಕ ಶಾಖವನ್ನು ಬಣ್ಣವಾಗಿ ತೋರಿಸುವ ಕ್ಯಾಮೆರಾದ ಮುಂದೆ ಮೊದಲ ಇಲಿಯನ್ನು ಇಡಲಾಗುತ್ತದೆ. ಪರದೆಯ ಮೇಲೆ ತಣ್ಣನೆಯ ಬಾಲ ಕಡುನೀಲಿ. ಹೆಗಲೆಲುಬುಗಳ ನಡುವೆ ಕೂದಲು ಕತ್ತರಿಸಿದ ಜಾಗದಲ್ಲಿ ಮಾತ್ರ ಅತಿ ಬಿಸಿಯ ಗುರುತಾದ ಪುಟ್ಟ ಬಿಳಿಯ ಬೆಳಕು.

"ನೋಡಿ ಆಂಟಿ, ಇದೇ ಅದರ ಕೌದಿ."

ಶಿವಕ್ಕ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡುತ್ತಾರೆ. "ಕೌದಿಗೆಲ್ಲಿ ಬೆಳಕು ಇರ್ತದವ್ವ? ಇದು ಒಲಿ. ನಾ ಕೌದಿ ಹೊಚ್ಚಿ ಒಲಿ ಆರಿಸಿದ್ದೆ."

ಮುಂದಿನ ತಿಂಗಳು ಅಳತೆಗಳು ಮುಗಿಯುತ್ತವೆ. ಬಳಿಕ ಕಂದು ಕೊಬ್ಬನ್ನು ತೆಗೆದು ಪರೀಕ್ಷಿಸಬೇಕು, ಇಲಿಗಳು ಉಳಿಯುವುದಿಲ್ಲ. ಶಿವಕ್ಕ ಇದನ್ನು ಮರೆಮಾಚುವುದಿಲ್ಲ, ಅದರ ಬಗ್ಗೆ ಉದ್ದ ಮಾತನ್ನೂ ಆಡುವುದಿಲ್ಲ. ಆ ವಾರ ಬೇಕಾದರೆ ರಜೆ ಪಡೆಯಬಹುದೆಂದು ಮೇಲ್ವಿಚಾರಕಿ ತಿಳಿಸಿದ್ದಾರೆ. ಅವರು ಬೇಡವೆಂದಿದ್ದಾರೆ. ಏಕೆಂದು ಕೇಳಿದರೆ ಕೈಗವಸು ಕಳಚುತ್ತಾ ಹೇಳುತ್ತಾರೆ:

"ಕಡೇ ದಿನ ಒಂದೊಂದನ್ನೂ ನಾನ ಎತ್ತಿ ಕೊಡಬೇಕಂತ ಕೇಳೀನ್ರಿ. ಅಷ್ಟ ನನ್ನ ಆಸೆ. ಬ್ಯಾರೇರ ಕೈ ಅಂದ್ರ ಅಂಜತಾವ."